ಗಾದಿಲಿಂಗಪ್ಪನ ಐಸ್ ಪೆಟ್ಟಿಗೆಯಲ್ಲಿ ನನ್ನ ಹುಂಜ

ಪಕ್ಕದ ಮನೆಯವರ ಬಂಗಾರ ಕಂಡು ಕರುಬಿದರೆ ಲೋಕ ಅರ್ಥಮಾಡಿಕೊಳ್ಳುತ್ತದೆ. ನಾನು ಕರುಬಿದ್ದು ಅವರ ಮನೆಯ ತಣ್ಣೀರಿಗೆ. ನಗಬೇಡಿ. ಬಳ್ಳಾರಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಳೆದವರು ನನ್ನನ್ನು ನೋಡಿ ನಗುವುದಿಲ್ಲ.

ಕೌಲ್ ಬಜಾರಿನಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡ ಮನೆ ಗಾದಿಲಿಂಗಪ್ಪನದು. ಸ್ವಾತಂತ್ರ್ಯ ಬಂದು ಬಿಳಿ ಅಧಿಕಾರಿಯೊಬ್ಬ ಗಂಟುಮೂಟೆ ಕಟ್ಟಿದಾಗ, ಅವನ ಸೀಮೆಎಣ್ಣೆಯ ರೆಫ್ರಿಜರೇಟರು ಗಾದಿಲಿಂಗಪ್ಪನ ಪಡಸಾಲೆಗೆ ಬಂತು. ಓಣಿಯ ಬಾಯಲ್ಲಿ ಅದು ಐಸ್ ಪೆಟ್ಟಿಗೆ. ಕೆಳಗೆ ದೀಪ ಉರಿಯುತ್ತದೆ, ಮೇಲೆ ನೀರು ತಣ್ಣಗಾಗುತ್ತದೆ. ನನ್ನ ಹೊಟ್ಟೆಯಲ್ಲಿ ಮಾತ್ರ ಮೇಲೂ ಕೆಳಗೂ ಉರಿಯೇ. ನನ್ನ ಹೆಂಡತಿ ಈರಮ್ಮ ದಿನಾ ಸಂಜೆ ತಂಬಿಗೆ ಹಿಡಿದು ಅಲ್ಲಿಗೆ ಹೋಗಿ, "ಏನ್ ತಂಪ್ ಐತ್ರಿ ಆ ನೀರು!" ಎನ್ನುತ್ತಾ ಬರುವಳು. ಮದುವೆಯಾಗಿ ಎಂಟು ವರ್ಷವಾಗಿತ್ತು. ನನ್ನ ಯಾವ ಗುಣಕ್ಕೂ ಅವಳು ಅಷ್ಟು ಬೆರಗಾದದ್ದು ನನಗೆ ನೆನಪಿಲ್ಲ.

ಆ ಬೇಸಿಗೆಯಲ್ಲಿ ಸಿರುಗುಪ್ಪದಿಂದ ಮಾವನವರು ಬರುವುದಿತ್ತು. ಅವರ ಕಣ್ಣಲ್ಲಿ ನನಗಿದ್ದ ಬೆಲೆಯೆಲ್ಲ ನಾನು ಮಾಡುವ ಕೋಳಿ ಸಾರಿನಿಂದ ಬಂದದ್ದು. "ಅಳಿಯಾರ ಗುಮಾಸ್ತಿಕಿ ಹೆಂಗರ ಇರ್ಲಿ, ಕೈಗುಣ ಐತಿ" ಎಂದು ಊರಲ್ಲೆಲ್ಲ ಹೇಳುತ್ತಿದ್ದರಂತೆ. ಆ ಮರ್ಯಾದೆ ಉಳಿಸಿಕೊಳ್ಳಲು ಬಾದನಹಟ್ಟಿಯಿಂದ ಭರ್ಜರಿ ಹುಂಜವೊಂದನ್ನು ತರಿಸಿ ಭಾನುವಾರ ಕೊಯ್ಯಿಸಿದೆ. ಮಾವ ಬಸ್ಸು ತಪ್ಪಿಸಿಕೊಂಡರು. ಸೋಮವಾರ ಬೆಳಿಗ್ಗೆ ಬರುವುದಾಗಿ ಊರವರೊಬ್ಬರ ಕೈಲಿ ಹೇಳಿಕಳಿಸಿದರು. ಸೋಮವಾರ ಶಿವನ ವಾರ, ಮಾವ ಮಾಂಸ ಮುಟ್ಟುವವರಲ್ಲ. ಅಂದರೆ ಸಾರು ಇನ್ನು ಮಂಗಳವಾರವೇ. ಕೊಯ್ದ ಕೋಳಿ ಹೊತ್ತು ಮುಳುಗುವುದರೊಳಗೆ ಒಲೆ ಏರಬೇಕು ಎಂಬ ಮನೆಯಲ್ಲಿ ಬೆಳೆದ ನಾನು ತಲೆಮೇಲೆ ಕೈಹೊತ್ತು ಕೂತೆ.

"ಗಾದಿಲಿಂಗಣ್ಣನ ಪೆಟ್ಟಿಗ್ಯಾಗ ಇಟ್ರಾತು ಬಿಡ್ರಿ" ಎಂದಳು ಈರಮ್ಮ.

ಹೋದೆ. ಹೋಗದೆ ಏನು ಮಾಡಲಿ? ಗಾದಿಲಿಂಗಪ್ಪ ಸಂತೋಷದಿಂದಲೇ ಬಾಗಿಲು ತೆಗೆದ. "ಮುಚ್ಚಳ ಇರೋ ಡಬರ್‍ಯಾಗ ಹಾಕಿ ಕೆಳಗ ಇಡ್ರಿ ಅಣ್ಣಾ, ಇದರ ನೀರು ಹಾಲಿಗೆ ಹತ್ತಬಾರ್ದು. ಬಾಗಲಾ ಪದೇ ಪದೇ ತೆಗೀಬಾರ್ದು, ತಂಪು ಹಾರಿ ಹೋಕ್ಕೈತಿ" ಎಂದ. ಕೋಳಿ ಎಂಬ ಪ್ರಾಣಿಯನ್ನು ನಾನು ಮೊದಲ ಸಲ ನೋಡುತ್ತಿರುವೆನೋ ಎಂಬಂತಿತ್ತು ಅವನ ಉಪದೇಶ.

ಮರುದಿನ ಬಂದ ಮಾವ ನನ್ನ ಕ್ಷೇಮ ಕೇಳುವ ಮೊದಲೇ ಪಕ್ಕದ ಮನೆಗೆ ಹೋದರು. ಎರಡು ಲೋಟ ತಣ್ಣೀರು ಕುಡಿದು, "ಇದ್ರ ಇಂಥಾ ಮನಷಾ ಇರ್ಬೇಕು ನೋಡ್ರಿ!" ಎಂದು ನನ್ನ ಕಡೆ ತಿರುಗಿದರು. ನಾನು ಉರಿಯುತ್ತಲೇ ಕಚೇರಿಗೆ ಹೋದೆ. ಅಲ್ಲಿ ಸಿಕ್ಕವರಿಗೆಲ್ಲ "ಗಾದಿಲಿಂಗಪ್ಪ ಐಸ್ ಪೆಟ್ಟಿಗೆ ನೋಡೋಕೆ ಎಲ್ಲರನ್ನೂ ಕರೆದಿದ್ದಾನೆ" ಎಂದು ಸಾರಿಬಿಟ್ಟೆ. ಎಲ್ಲರ ಮುಂದೆ ಆ ಪೆಟ್ಟಿಗೆ ಬೆಚ್ಚಗಾಗಿ ಅವನ ಮುಖ ಸಣ್ಣದಾಗಬೇಕು, ಅಷ್ಟೇ ನನ್ನ ಆಸೆ. ಸಂಜೆ ಜನ ಮಕ್ಕಳುಮರಿ ಸಮೇತ ಬಂದರು. ಒಬ್ಬ ಕೈ ಹಾಕಿದ, ಇನ್ನೊಬ್ಬ ತಲೆಯನ್ನೇ ಹಾಕಿದ. ಮನೆಗೆ ಬಂದವರಿಗೆ ಬೇಡ ಎನ್ನಲಾರದೆ ಗಾದಿಲಿಂಗಪ್ಪ ಬಾಗಿಲು ತೆಗೆದು ಹಿಡಿದೇ ನಿಂತಿದ್ದ. ಆ ನೂಕುನುಗ್ಗಲಿನಲ್ಲಿ ಯಾರದೋ ಸೀರೆಯ ಗಾಳಿಗೆ ಕೆಳಗಿನ ದೀಪ ಆರಿತು. ಯಾರೂ ನೋಡಲಿಲ್ಲ. ನಾನು ನೋಡಿದೆ, ನೋಡಿಯೂ ಸುಮ್ಮನೆ ಮನೆಗೆ ಬಂದೆ. ಒಳಗಿದ್ದದ್ದು ನನ್ನದೇ ಹುಂಜ ಎಂಬುದು, ಶಿವನಾಣೆ, ಆಗ ನೆನಪಿಗೇ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಡಬರಿಯ ಮುಚ್ಚಳ ತೆಗೆದಾಗ ಓಣಿಯ ನಾಯಿಗಳಿಗೂ ನೆನಪಾಯಿತು. ಮಾವ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು. ನನ್ನ ಸಾರಿನ ಕಥೆ ಅಲ್ಲಿಗೆ ಮುಗಿಯಿತು. ಗಾದಿಲಿಂಗಪ್ಪ ತನ್ನ ಹಿತ್ತಲಿನ ಹುಂಜವನ್ನೇ ಕೊಯ್ದು, ಹೆಂಡತಿಯ ಕೈಲಿ ಸಾರು ಮಾಡಿಸಿ ತಂದ. ಮಾವ ಮೂರು ಸಲ ಬಡಿಸಿಕೊಂಡರು.

ಉಂಡಾದ ಮೇಲೆ ಗಾದಿಲಿಂಗಪ್ಪ ಎಲ್ಲರೆದುರು ನನಗೆ ಕೈಮುಗಿದ. "ತಪ್ಪಾತು ಅಣ್ಣಾ. ದೀಪ ನೋಡ್ಕೋಬೇಕಿತ್ತು ನಾನು. ಬೀಗರ ಮುಂದ ನಿಮ್ಮ ಮರ್ವಾದಿ ಕಳದೆ" ಎನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ಇರ್ಲಿ ಬಿಡಪ್ಪಾ, ಮನಷಾ ಅಂದ ಮ್ಯಾಲ ತಪ್ಪು ಆಗ್ತಾವ" ಎಂದು ನಾನು ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದೆ. ತಪ್ಪು ಮಾಡದೆಯೇ ಅಷ್ಟು ಚೆಂದಾಗಿ ತಪ್ಪೊಪ್ಪಿಕೊಳ್ಳುವುದು ಆ ಮನುಷ್ಯನಿಗೆ ಹೇಗೆ ಬಂತೋ! ತಪ್ಪು ಮಾಡಿದ ನನಗೆ ಇಂದಿಗೂ ಬಂದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.