ಗೇಟು ಬೆಸೆಯುವ ರೆಗ್ಯುಲೇಟರೂ ಇಪ್ಪತ್ತೆರಡು ಮೀನುಗಳೂ

ಒಂದು ರೆಗ್ಯುಲೇಟರ್ ಆರಿಸಿ ತರುವುದು ಎಷ್ಟರ ಕೆಲಸ? ಇಪ್ಪತ್ತೇಳು ವರ್ಷಗಳಿಂದ ನೂಲಿನ ಗಿರಣಿಯಲ್ಲಿ ಗುಣಮಟ್ಟ ಪರೀಕ್ಷಕನಾಗಿರುವವನು ನಾನು. ದಾರವನ್ನು ಬೆರಳಲ್ಲಿ ಉಜ್ಜಿಯೇ ಅದರ ಜಾತಕ ಹೇಳಬಲ್ಲೆ. ಅಂಥವನ ಕಣ್ಣಿಗೆ ಅಂಗೈಯಗಲದ ಒಂದು ವಸ್ತು ಮೋಸ ಮಾಡೀತೇ? ಮಾಡಲಿಲ್ಲ. ಅದು ನಿಯತ್ತಾಗಿಯೇ ಇತ್ತು. ಮೋಸ ಹೋದದ್ದು ನಾನೇ!

ನನ್ನ ಹೆಂಡತಿ ಶಾರದ ಸೀರೆಗಳ ಅಂಚಿಗೆ ಚಿತ್ತಾರ ಬರೆಯುವವಳು. ಪೀಳಮೇಡಿನ ನಮ್ಮ ಮನೆಯ ಹಾಲಿನಲ್ಲಿ ಅವಳು ನಾಲ್ಕಡಿಯ ಗಾಜಿನ ತೊಟ್ಟಿ ಇಟ್ಟು, ನೀರೊಳಗೇ ಒಂದು ತೋಟ ಬೆಳೆಸಿದ್ದಾಳೆ. ಮುಂದೆ ಹಸಿರು ಹುಲ್ಲಿನ ಒಡಲು, ಹಿಂದೆ ಕೆಂಪು ಗಿಡಗಳ ಅಂಚು, ಮೂಲೆಯಲ್ಲಿ ಕವಲು ಕಟ್ಟಿಗೆಯ ಮೇಲೆ ಪಾಚಿಯ ಸೆರಗು. ಇವುಗಳ ನಡುವೆ ಜರಿಯೆಳೆಗಳಂತೆ ಓಡಾಡುವ ಇಪ್ಪತ್ತೆರಡು ನಿಯಾನ್ ಟೆಟ್ರಾ ಮೀನುಗಳು. ಒಂದೊಂದೂ ಪಿನ್ನಿನಷ್ಟುದ್ದ. ಬೆಳಿಗ್ಗೆ ಎದ್ದ ಕೂಡಲೇ ಅವಳು ಎಣಿಸುತ್ತಾಳೆ. ಎಣಿಕೆ ತಪ್ಪಿದ ದಿನ ಮೊದಲು ನನ್ನ ಮುಖ ನೋಡುತ್ತಾಳೆ.

ನೀರೊಳಗಿನ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಬೇಕಂತೆ. ಶಾರದ ಮೊದಲು ಬಾಟಲಿಯಲ್ಲಿ ಸಕ್ಕರೆ ನೀರು, ಈಸ್ಟು ಹಾಕಿ ಹುಳಿಸಿ, ಅದರ ಗಾಳಿಯನ್ನು ಕೊಳವೆಯಲ್ಲಿ ಬಿಡುತ್ತಿದ್ದಳು. ಗಿಡಗಳಿಗೆ ಸಂತೋಷವಾಯಿತು. ನನ್ನ ಅವ್ವನಿಗೆ ಆಗಲಿಲ್ಲ.

"ಬರೋರು ಹೋಗೋರೆಲ್ಲಾ ಮೂಗು ಮುಚ್ಕೋತಾರೆ. ಮನೇನಾ ಇದು, ಕಳ್ಳಂಗಡೀನಾ?" ಎಂದು ಅವ್ವ ತೀರ್ಪು ಕೊಟ್ಟ ಮೇಲೆ, ಒಂದು ಪುಟ್ಟ ಗ್ಯಾಸ್ ಸಿಲಿಂಡರ್ ಬಂತು. ಅದಕ್ಕೊಂದು ರೆಗ್ಯುಲೇಟರ್ ಬೇಕಾಯಿತು. ಶಾರದ ನನ್ನ ಫೋನಿಗೆ ಅದರ ಫೋಟೋ, ಅಂಗಡಿಯ ವಿಳಾಸ ಎರಡನ್ನೂ ಕಳಿಸಿ, ಅಕ್ಕನ ಬಸುರಿ ಮಗಳಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆಂದು ತಿರುಪ್ಪೂರಿಗೆ ಹೊರಟಳು.

"ಏನುಂಗ, ಫೋಟೋದಲ್ಲಿರೋದೇ ತನ್ನಿ. ತಂದು ಇಡಿ, ಸಾಕು. ನೀವು ಫಿಟ್ ಮಾಡಬೇಡಿ. ನಾನು ಸಾಯಂಕಾಲ ಸೀಕ್ರ ಬಂದುಬಿಡ್ತೀನಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವಾ?"

"ಇದೆ. ಅದಕ್ಕೇ ತರೋಕೆ ಮಟ್ಟುಂ ಹೇಳಿದ್ದು, ಫಿಟ್ ಮಾಡೋಕಲ್ಲ."

ಅಂಗಡಿಯಲ್ಲಿ ಆ ರೆಗ್ಯುಲೇಟರ್ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟು ಪುಟ್ಟದು! ಅಷ್ಟು ಹಗುರ! ಸಿಲಿಂಡರಿನೊಳಗಿನ ಒತ್ತಡ ಲಾರಿ ಟೈರಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಹಿಂದಿನ ವಾರವೇ ಓದಿ ನಿದ್ದೆಗೆಟ್ಟಿದ್ದೆ.

"ಇದು ಸಿಡಿದರೆ?" ಎಂದು ತಮಿಳಿನಲ್ಲಿ ಕೇಳಿದೆ.

"ವೆಡಿಕ್ಕಾದು ಸಾರ್." ಸಿಡಿಯುವುದಿಲ್ಲ ಎಂದ ಅಂಗಡಿಯವ.

"ಒಂದು ವೇಳೆ ಸಿಡಿದರೆ?"

"ವೆಡಿಕ್ಕಾದು ಸಾರ್."

"ಅಕಸ್ಮಾತ್..."

ಅವನು ಪಕ್ಕದ ಗಿರಾಕಿಯತ್ತ ತಿರುಗಿಕೊಂಡ. ಸಾಲದ್ದಕ್ಕೆ ರೆಗ್ಯುಲೇಟರಿಗೊಂದು ಕರೆಂಟಿನ ವೈರು ಬೇರೆ. ತೊಟ್ಟಿಯ ದೀಪ ಆರಿದಾಗ ಗ್ಯಾಸನ್ನೂ ತಾನೇ ನಿಲ್ಲಿಸುತ್ತದಂತೆ. ನೀರು, ಗ್ಯಾಸು, ಕರೆಂಟು, ಮೂರೂ ಒಂದೇ ಕಡೆ! ಅವ್ವ, ಶಾರದ, ನಾನು ಕೈಕೈ ಹಿಡಿದು ನಡುಗುತ್ತಿರುವ ದೃಶ್ಯ ಕಣ್ಣ ಮುಂದೆ ಬಂದು, ಬರಿಗೈಲಿ ಹೊರಬಂದೆ.

ನಮ್ಮ ಎದುರು ಮನೆಯ ಮೈಲ್‌ಸಾಮಿಯಣ್ಣ ಗೇಟು, ಗ್ರಿಲ್ಲು ಬೆಸೆಯುವ ವರ್ಕ್‌ಶಾಪ್ ಇಟ್ಟಿದ್ದಾರೆ. ಫೋಟೋ ತೋರಿಸಿದೆ. ಅವರು ನಕ್ಕರು.

"ತಂಬಿ, ಇದು ಬೊಮ್ಮೆ. ಮಕ್ಕಳು ಆಡೋದು!" ಎಂದು ಕಪಾಟಿನಿಂದ ಒಂದು ಹೊಸ ರೆಗ್ಯುಲೇಟರ್ ತೆಗೆದು ಅಂಗೈಗಿಟ್ಟರು. ಅಪ್ಪಟ ಹಿತ್ತಾಳೆ. ತೆಂಗಿನಕಾಯಿಯಷ್ಟು ಭಾರ. ಎದುರಿಗೆ ಎರಡು ದುಂಡನೆಯ ಮೀಟರುಗಳು.

"ನಿಮ್ಮದೂ ಅದೇ ಗ್ಯಾಸಾ ಅಣ್ಣ?"

"ಅದೇ ಗ್ಯಾಸ್ ತಂಬಿ."

ಅದೇ ಗ್ಯಾಸ್! ಇನ್ನೇನು ಬೇಕು? ಗುಣಮಟ್ಟ ಪರೀಕ್ಷಕನ ಗತ್ತಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೀಟರಿನ ಮೇಲೆ ಇಪ್ಪತ್ತೈದರವರೆಗೆ ಅಂಕಿಗಳಿದ್ದವು. ಅಂಕಿಗಳ ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಅದನ್ನು ಓದಲಿಲ್ಲ.

ಮನೆಗೆ ಬಂದು ಸಿಲಿಂಡರಿಗೆ ಹಚ್ಚಿ ನೋಡಿದೆ. ತಿರುಪು ಸರಿಯಾಗಿ ಕೂತಿತು. ಅದಾದರೂ ಕೂರದೆ ಹೋಗಿದ್ದರೆ ನನ್ನ ಮಾನ ಉಳಿಯುತ್ತಿತ್ತು! ಶಾರದ ಬರುವಷ್ಟರಲ್ಲಿ ಎಲ್ಲ ಮುಗಿಸಿ ಬೆರಗುಗೊಳಿಸೋಣವೆಂದು ತೊಟ್ಟಿಯ ಸಣ್ಣ ಕೊಳವೆಯನ್ನೂ ಸಿಕ್ಕಿಸಿದೆ. ಪಾನಾ ಇಡಲು ಹೋಗಿ ಬರುವಷ್ಟರಲ್ಲಿ ಅವ್ವ ಪೂಜೆ ಮುಗಿಸಿದ್ದರು. ಅವತ್ತು ಶುಕ್ರವಾರ. ಎರಡು ಮೀಟರುಗಳ ಗಾಜಿನ ಮೇಲೂ ದಪ್ಪನಾಗಿ ಮೂರು ಪಟ್ಟೆ ವಿಭೂತಿ, ನಡುವೆ ಗಂಧ, ಕುಂಕುಮ. ಮುಳ್ಳೂ ಕಾಣದು, ಅಂಕಿಯೂ ಕಾಣದು.

"ಅವ್ವಾ! ಇದನ್ನ ಹೇಗೆ ನೋಡೋದು?"

"ಕೈ ಮುಗಿದು ನೋಡು. ಹೊಸ ಮೆಷಿನ್ನನ್ನ ಪೂಜೆ ಮಾಡದೆ ಓಡಿಸ್ತಾರಾ? ನಿಮ್ಮಪ್ಪ ಲಾಳಿ ಬದ್ಲಿಸಿದ್ರೂ ಕುಂಕುಮ ಇಡ್ತಿದ್ರು."

ಒರೆಸಲು ಭಯವಾಯಿತು. ಕೈ ಮುಗಿದೆ. ಸಿಲಿಂಡರಿನ ತಲೆಯ ವಾಲ್ವನ್ನು ಒಂದು ಚೂರು ತೆರೆದೆ. ಆಮೇಲೆ ರೆಗ್ಯುಲೇಟರಿನ ತಿರುಗಣೆಯನ್ನು ಎಡಕ್ಕೆ ತಿರುಗಿಸಿದೆ, ನಲ್ಲಿ ತೆರೆಯುವ ಹಾಗೆ. ಏನೂ ಬರಲಿಲ್ಲ. ಇನ್ನೂ ಎಡಕ್ಕೆ. ಇಲ್ಲ. ಬೇಸತ್ತು ಬಲಕ್ಕೆ ತಿರುಗಿಸುತ್ತಾ ಬಂದೆ. ಆಗ ನೀರಿನಲ್ಲಿ ಒಂದು ಗುಳ್ಳೆ ಎದ್ದಿತು! ಹಿಂದೆಯೇ ಇನ್ನೊಂದು. ಮುತ್ತಿನಂಥ ಗುಳ್ಳೆಗಳು! ಆಗ ಎಡಕ್ಕೆ ತಿರುಗಿಸಿದ್ದರ ಗ್ಯಾಸು ಈಗ ತಡವಾಗಿ ತಲುಪಿದೆ ಎಂದು ತರ್ಕಿಸಿದೆ. ಟ್ಯಾಂಕಿನ ನೀರು ಕೊಳಾಯಿಗೆ ಬರಲು ಹೊತ್ತು ಹಿಡಿಯುವುದಿಲ್ಲವೇ, ಹಾಗೆ.

ಗುಳ್ಳೆ ಕೊಂಚ ಹೆಚ್ಚಾಯಿತು. ಕಡಿಮೆ ಮಾಡೋಣವೆಂದು ಬಲಕ್ಕೆ ತಿರುಗಿಸಿದೆ. ಮತ್ತೂ ಹೆಚ್ಚಾಯಿತು. ಬಲಕ್ಕೆ ಬಿಗಿಯಾಗಿ ತಿರುಗಿಸಿದೆ. ನಲ್ಲಿಯಿಂದ ಉಪ್ಪಿನಕಾಯಿ ಬಾಟಲಿಯವರೆಗೆ ಲೋಕದ ಎಲ್ಲ ವಸ್ತುಗಳೂ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ರೆಗ್ಯುಲೇಟರ್ ಒಂದನ್ನು ಬಿಟ್ಟು!

ಭುಸ್ಸೆಂದಿತು! ಕೊಳವೆಯ ತುದಿಯಲ್ಲಿ ಗುಳ್ಳೆ ಬಿಡುವ ಬಿಲ್ಲೆ ಕಿತ್ತು ಹಾರಿತು. ನಾಲ್ಕಡಿಯ ತೊಟ್ಟಿ ಸಾರಿನ ಪಾತ್ರೆಯಂತೆ ಕುದಿಯಿತು. ಹುಲ್ಲಿನ ಒಡಲು ಹರಿಯಿತು, ಕೆಂಪಂಚು ಬುಡಸಮೇತ ಎದ್ದು ತೇಲಿತು. ರೆಗ್ಯುಲೇಟರಿನ ಮೈಮೇಲೆ ಬಿಳಿ ಹಿಮ ಕೂತು ಹೊಗೆಯಾಡಿತು. ಮತ್ತು ಮೀನುಗಳು! ಎಲ್ಲವೂ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಉಸಿರಿಗೆ ಒದ್ದಾಡತೊಡಗಿದವು. ನಾನೂ ಅದನ್ನೇ ಮಾಡುತ್ತಿದ್ದೆ.

ಕಿಟಕಿಗಳನ್ನೆಲ್ಲ ತೆರೆದು, ಶಾರದಳಿಗೆ ವಿಡಿಯೋ ಕರೆ ಮಾಡಿದೆ. ಅತ್ತ ಮೊಣಕೈವರೆಗೆ ಬಳೆ ತೊಟ್ಟ ಅಕ್ಕನ ಮಗಳು, ಅವಳ ಸುತ್ತ ಇಡೀ ಬಂಧುಬಳಗ.

"ಶಾರದಾ! ಮೀನು! ಉಸಿರು!"

ಪರದೆಯ ತುಂಬ ತಲೆಗಳು ನುಗ್ಗಿದವು. "ಯಾರಿಗೆ ಉಸಿರು ಕಟ್ತು?" "ಅತ್ತೇಗಾ?" "ಆಂಬುಲೆನ್ಸ್ ಕೂಗಿ!"

ಶಾರದ ಎಲ್ಲರನ್ನೂ ತಳ್ಳಿ ಮುಂದೆ ಬಂದಳು. "ಅಯ್ಯೋ ನನ್ನ ಮೀನೇ! ಏನುಂಗ, ಸಿಲಿಂಡರ್ ತಲೆ ಮೇಲಿನ ವಾಲ್ವ್ ಮುಚ್ಚಿ! ಬಲಕ್ಕೆ!"

ಬಲಕ್ಕೆ! ಇಷ್ಟೆಲ್ಲ ಆದ ಮೇಲೂ ಬಲಕ್ಕೆ! ಆ ಪಾಠವನ್ನು ಆಗತಾನೇ ಕಲಿತವನಲ್ಲವೇ ನಾನು? ಜಾಣತನದಿಂದ ಎಡಕ್ಕೆ ತಿರುಗಿಸಿದೆ.

ಆ ವಾಲ್ವ್ ಮಾತ್ರ ನಲ್ಲಿಯ ಹಾಗೆಯೇ!

ತೊಟ್ಟಿ ಗರ್ಜಿಸಿತು. ತಿರುಪ್ಪೂರಿನ ಅಷ್ಟೂ ತಲೆಗಳು ಒಟ್ಟಿಗೆ ಚೀರಿದವು. ಅವ್ವ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ, ವಾಲ್ವನ್ನು ಆಚೆ ಕಡೆಗೆ ತಿರುಗಿಸಿದರು. ನಿಶ್ಶಬ್ದ.

"ಅವ್ವಾ, ನಿಮಗೆ ಹೇಗೆ ಗೊತ್ತಾಯ್ತು?"

"ಈ ಕಡೆ ತಿರುಗಿಸಿದ್ರೆ ಸದ್ದು ಜಾಸ್ತಿ ಆಗ್ತದೆ ಅಂದ್ರೆ, ಆ ಕಡೆ ತಿರುಗಿಸ್ಬೇಕು. ಇದಕ್ಕೂ ಓದಬೇಕಾ?"

ಶಾರದ ಫೋನಿನೊಳಗಿಂದ ಆಜ್ಞೆಗಳನ್ನು ಕೊಡುತ್ತ ಹೋದಳು. ಅರ್ಧ ನೀರು ತೆಗೆಯಿರಿ, ಡ್ರಮ್ಮಿನಲ್ಲಿ ಹಿಡಿದಿಟ್ಟ ಸಿರುವಾಣಿ ಹೊಳೆಯ ಕುಡಿಯುವ ನೀರು ಹಾಕಿ, ನೀರನ್ನು ಕಲಕಿ ಗಾಳಿಯಾಡಿಸಿ. ನಾನು ಬಕೆಟ್ ಹೊತ್ತೆ. ಅವ್ವ ಸೀರೆ ಸೆಕ್ಕಿಕೊಂಡು ಸ್ಟೂಲ್ ಹತ್ತಿ, ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತ, ಕಾಪಿ ಆರಿಸುವ ಹಾಗೆ ಇಡೀ ತೊಟ್ಟಿಯನ್ನು ಆರಿಸಿದರು. ಒಂದು ಗಂಟೆ! ಬಳೆ ಶಾಸ್ತ್ರದವರೆಲ್ಲ ಚಿತ್ರಾನ್ನ ತಿನ್ನುತ್ತ ನೋಡಿದರು. ಒಂದೊಂದೇ ಮೀನು ಕೆಳಗಿಳಿಯಿತು.

ಬದುಕಿದವೆಷ್ಟು? ಕದಡಿದ ನೀರಿನಲ್ಲಿ ಎಣಿಸಿದೆ. ಹತ್ತೊಂಬತ್ತು! ಮತ್ತೆ ಎಣಿಸಿದೆ, ಇಪ್ಪತ್ತನಾಲ್ಕು. ಮೂರನೆಯ ಸಲ ಇಪ್ಪತ್ತೊಂದು. ಅಲ್ಲಿಗೆ ನಿಲ್ಲಿಸಿದೆ. 

ಸಂಜೆ ಶಾರದ ಬಂದಳು. ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ಕೂತು, ಗಾಜಿಗೆ ಬೆರಳಿಟ್ಟು ಎಣಿಸಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಇಪ್ಪತ್ತೊಂದಕ್ಕೆ ಬೆರಳು ನಿಂತಿತು.  ಅವಳು ಬಗ್ಗಿ ಕಟ್ಟಿಗೆಯ ಸಂದಿಯಲ್ಲಿ ಇಣುಕಿದಳು. "ಇಲ್ಲಿ ಕೂತಿದ್ದೀಯಾ ನನ್ ಕಣ್ಣೇ? ಇಪ್ಪತ್ತೆರಡು."

ಆಮೇಲೆ ರೆಗ್ಯುಲೇಟರನ್ನು ಎತ್ತಿ, ವಿಭೂತಿ ಒರೆಸಿ, ಅಂಕಿಗಳ ಕೆಳಗಿನ ಸಣ್ಣಕ್ಷರ ಓದಿದಳು. ‘ನಿಮಿಷಕ್ಕೆ ಇಷ್ಟು ಲೀಟರ್.’ ನಮ್ಮ ತೊಟ್ಟಿಗೆ ಬೇಕಾಗಿದ್ದದ್ದು ಸೆಕೆಂಡಿಗೆ ಒಂದು ಗುಳ್ಳೆ!

"ಇದು ವೆಲ್ಡಿಂಗ್‌ದು. ಯಾಕೆ ತಂದ್ರಿ?"

"ಭದ್ರವಾಗಿರಲಿ ಅಂತ..."

"ಯಾಕೆ, ಮೀನುಗಳೆಲ್ಲಾ ಸೇರಿ ಗೇಟ್ ಹಾಕ್ಕೊಡಿ ಅಂದ್ವಾ?"

ಮರುದಿನ ಅವಳೇ ಹೋಗಿ ಆ ಬೊಮ್ಮೆ ರೆಗ್ಯುಲೇಟರನ್ನು ತಂದು, ಹತ್ತು ನಿಮಿಷದಲ್ಲಿ ಕೂರಿಸಿದಳು. ಸಿಡಿಯಲಿಲ್ಲ. ಅಂಚು, ಒಡಲು ಮತ್ತೆ ನೆಟ್ಟಳು, ಈಗ ಚಿಗುರುತ್ತಿವೆ. ಗುಳ್ಳೆಗಳ ಮೇಲ್ವಿಚಾರಣೆ ಅವ್ವನದು. ಜಪಮಣಿ ಹಿಡಿದು ಮುಂದೆ ಕೂರುತ್ತಾರೆ. ಗುಳ್ಳೆಗೊಂದು ಮಣಿ. ಲಯ ತಪ್ಪಿದರೆ ಸೊಸೆಯನ್ನು ಕೂಗುತ್ತಾರೆ.

ನನಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರೆ. ಮನೆಗೆ ಬಂದವರಿಗೆ ತೊಟ್ಟಿಯನ್ನು ತೋರಿಸಿ ವಿವರಿಸುವುದು. ಮೂರಡಿ ದೂರದಿಂದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.