ಕಡೀ ಡಬ್ಬಿ ದಾಟುವ ತನಕ

ನಮ್ಮ ಮಾವ ಎಂ.ಎ. ಓದುತ್ತಿದ್ದ ಎಂಬುದು ನಿಜ. ಯಾವ ವಿಷಯದಲ್ಲಿ ಎಂಬುದನ್ನು ಮಾತ್ರ ನಾನು ಇವತ್ತಿನವರೆಗೆ ಖಚಿತಪಡಿಸಿಕೊಂಡಿಲ್ಲ.

ಸುದ್ದಿಮನೆಯಲ್ಲಿ ಆಯುಷ್ಯ ಕಳೆದವನು ಹೀಗೆ ಹೇಳುವುದು ನಾಚಿಕೆಗೇಡು. ಎರಡು ಕಡೆ ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದು ಎಂದು ಕಲಿತವನು ನಾನು. ಇಲ್ಲಿ ಮೂರು ಕಡೆ ವಿಚಾರಿಸಿದೆ. ಅಪ್ಪ ‘ವಕೀಲಿಕಿ’ ಎಂದ. ಅವ್ವ ‘ಕನ್ನಡಾನೋ ಇತಿಹಾಸಾನೋ, ಒಟ್ಟ ದಪ್ಪನ್ನ ಪುಸ್ತಕದ್ದು’ ಎಂದಳು. ಪಕ್ಕದ ಕ್ವಾರ್ಟರ್ಸಿನ ಮುದುಕಿ ಆಗಲೇ ತನ್ನ ಮೊಣಕಾಲು ನೋವಿಗೆ ಅವನಿಂದ ಗುಳಿಗೆಯ ಹೆಸರು ಬರೆಸಿಕೊಂಡಿದ್ದಳು. ಕೊನೆಗೆ ಅವನನ್ನೇ ಕೇಳಿದೆ.

‘ಅದು ಹಂಗ ಒಂದ ಮಾತಿನಾಗ ಹೇಳಾಕ ಬರೂದಿಲ್ಲಪಾ,’ ಎಂದು ಚಪ್ಪಲಿ ಮೆಟ್ಟಿ ರೈಲು ಕಳಿಸಲು ಹೊರಟುಹೋದ.

ಹೌದು, ರೈಲು ಕಳಿಸಲು. ಬೇರೆಯವರು ಎಂ.ಎ. ಓದುವಾಗ ಬಿಡುವಿನಲ್ಲಿ ಕೇರಂ ಆಡುತ್ತಾರೆ, ಸಿನಿಮಾ ನೋಡುತ್ತಾರೆ, ರೇಡಿಯೊ ಕಿವಿ ಹಿಂಡಿ ಸಿಲೋನ್ ಹುಡುಕುತ್ತಾರೆ. ನಮ್ಮ ಮಾವನಿಗೆ ಇದ್ದ ಹವ್ಯಾಸ ಒಂದೇ. ಸಂಜೆಯಾದರೆ ವಾಡಿ ಜಂಕ್ಷನ್ನಿಗೆ ಹೋಗಿ ಯಾರ್ಯಾರನ್ನೋ ಊರಿಗೆ ಕಳಿಸಿ ಬರುವುದು. ಯಾರನ್ನು? ಯಾರು ಸಿಕ್ಕರೆ ಅವರನ್ನು.

ಅವನು ಅವ್ವನ ಒಬ್ಬನೇ ತಮ್ಮ, ನನಗಿಂತ ಐದು ವರ್ಷ ದೊಡ್ಡವನು. ಚಿಂಚೋಳಿ ತಾಲ್ಲೂಕಿನ ಐನಾಪುರದಿಂದ ಬಂದು, ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಮನೆಯಲ್ಲಿ ಉಳಿದಿದ್ದ. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಕಲಬುರಗಿಗೆ ಹೋಗಿ ಪಾಠ ಕೇಳುವುದು, ಮಧ್ಯಾಹ್ನದ ಗಾಡಿಗೆ ಮರಳುವುದು, ಒಂದು ಬಟ್ಟಲು ಮಂಡಕ್ಕಿ ಸುಸಲಾ ತಿಂದು ಚಹಾ ಕುಡಿದು ಸ್ಟೇಷನ್ನಿಗೆ ನಡೆಯುವುದು. ಓದುವುದು ಯಾವಾಗ? ಈ ಪ್ರಶ್ನೆಯನ್ನು ಅಪ್ಪನೂ ಕೇಳಿದ್ದ. ಮಾವನ ಪಠ್ಯಪುಸ್ತಕಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ರೈಲ್ವೆ ವೇಳಾಪಟ್ಟಿಯಲ್ಲಿ ಮಾತ್ರ ಕೆಂಪು, ನೀಲಿ ಎರಡೂ ಶಾಯಿಯ ಗೆರೆಗಳಿದ್ದವು.

ಆಗಷ್ಟೇ ನಾನು ಕಲಬುರಗಿಯ ಒಂದು ಪತ್ರಿಕೆಗೆ ವಾಡಿ, ಶಹಾಬಾದ, ಚಿತ್ತಾಪುರದ ಸುದ್ದಿ ಬರೆಯಲು ಶುರುಮಾಡಿದ್ದೆ. ಬರೆದ ಸುದ್ದಿಯನ್ನು ಲಕೋಟೆಗೆ ಹಾಕಿ ರೈಲಿನ ಗಾರ್ಡಿನ ಕೈಗೆ ಕೊಡಬೇಕು. ಆ ನೆಪದಲ್ಲಿ ನಾನೂ ದಿನಾ ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದೆ. ಆದ್ದರಿಂದ ಮುಂದೆ ಹೇಳುವುದಕ್ಕೆಲ್ಲ ನಾನು ಪ್ರತ್ಯಕ್ಷ ಸಾಕ್ಷಿ.

ವಾಡಿಯಲ್ಲಿ ಆಗ ರೈಲುಗಳು ಬಹಳ ಹೊತ್ತು ನಿಲ್ಲುತ್ತಿದ್ದವು. ಇಂಜಿನ್ನು ನೀರು ಕುಡಿಯಬೇಕು, ದಿಕ್ಕು ಬದಲಿಸಬೇಕು, ಸೇಡಂ ಕಡೆಯವರು ಇಳಿದು ಮದ್ರಾಸಿನ ಕಡೆಯವರು ಹತ್ತಬೇಕು. ಮಾವ ಈ ಬಿಡುವಿನಲ್ಲಿ ಡಬ್ಬಿಯಿಂದ ಡಬ್ಬಿಗೆ ನೋಡುತ್ತ ಹೋಗುತ್ತಿದ್ದ. ಯಾವ ಕಿಟಕಿಯ ಹೊರಗೆ ಯಾರೂ ನಿಂತಿಲ್ಲವೋ ಅಲ್ಲಿ ನಿಲ್ಲುತ್ತಿದ್ದ.

‘ನೀರು ತುಂಬಿಕೊಂಡ್ರೇನ್ರಿ? ಸಾಮಾನು ಸೀಟಿನ ಬುಡಕ ಇಡ್ರಿ. ತಾಂಡೂರಿನ್ಯಾಗ ಭಾಳ ಮಂದಿ ಹತ್ತತಾರ, ಕಾಲು ಚಾಚಿ ಕುಂದ್ರಿ. ಮುಟ್ಟಿದ ಮ್ಯಾಲ ಕಾಗದ ಹಾಕ್ರಿ.’

ಗಾಡಿ ಹೊರಟರೆ ಕೈ ಬೀಸುತ್ತಿದ್ದ. ಅದೂ ಎಲ್ಲರಂತೆ ಎರಡು ಸಲ ಅಲ್ಲ. ಕೊನೆಯ ಡಬ್ಬಿ ದಾಟಿ, ಗಾರ್ಡಿನ ಹಸಿರು ಬಾವುಟ ಚುಕ್ಕೆಯಾಗುವ ತನಕ.

‘ಇದೇನ್ ಚಟ ಮಾವ?’ ಎಂದು ಒಮ್ಮೆ ಕೇಳಿದೆ.

‘ಚಟ ಅಲ್ಲಲೇ, ರಿವಾಜು. ನಮ್ಮೂರಾಗ ಯಾರಾರ ಊರಿಗಿ ಹೊಂಟ್ರ ಅಗಸಿ ತನಕ ಹೋಗಿ ಕಳಸ್ತಾರೋ ಇಲ್ಲೋ?’

‘ಕಳಸ್ತಾರ.’

‘ವಾಡಿಗಿ ಅಗಸಿ ಎಲ್ಲದ?’

ಯೋಚಿಸಿದೆ. ವಾಡಿಗೆ ಊರಬಾಗಿಲು ಇರಲಿಲ್ಲ. ಇದ್ದದ್ದು ಸಿಗ್ನಲ್ಲು, ಕಾರ್ಖಾನೆಯ ಚಿಮಣಿ.

‘ಅದಕ್ಕ, ಇದ ನಮ್ಮ ಅಗಸಿ. ಇನ್ನೊಂದ ನೆನಪಿಟ್ಟುಕೋ. ಕಡೀ ಡಬ್ಬಿ ದಾಟೋತನಕ ನಿಂದ್ರಬೇಕು. ಕಳಸಾಕ ಬಂದವರು ಮೊದಲ ತಿರುಗಿದ್ರ ಹೋಗೋರ ಕಾಲು ಭಾರ ಆಗ್ತಾವ.’

ರೈಲಿನಲ್ಲಿ ಹೋಗುವವರ ಕಾಲು ಭಾರವಾದರೆ ಏನು, ಹಗುರವಾದರೆ ಏನು? ಗಾಲಿಗಳು ಉರುಳುವುದಿಲ್ಲವೇ? ಕೇಳಲಿಲ್ಲ. ಎಂ.ಎ. ಓದುವವರ ಎದುರು ಇಂಥ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ.

ಒಮ್ಮೆ ಸೇಡಮಿಗೆ ಹೊರಟಿದ್ದ ಗಂಡಹೆಂಡತಿ ಮಾವನ ಕೈಗೆ ಸಿಕ್ಕರು. ಅವರ ಕೂಸನ್ನು ಎತ್ತಿ ಆಡಿಸಿದ. ‘ಅತ್ತೀಗಿ ನಮಸ್ಕಾರ ಹೇಳ್ರಿ’ ಎಂದ. ನಾನು ಅದೇ ಗಾಡಿಯಲ್ಲಿ ಚಿತ್ತಾಪುರಕ್ಕೆ ಸಂತೆಯ ವರದಿಗೆ ಹೊರಟಿದ್ದೆ. ಗಾಡಿ ಬಿಟ್ಟ ಮೇಲೆ ಅವರ ಮಾತು ಕಿವಿಗೆ ಬಿತ್ತು.

‘ನಿಮ್ಮ ಪೈಕಿ ಮಂದಿ ಭಾಳ ಛಲೋ ಅದಾರ ನೋಡ್ರಿ,’ ಎಂದಳು ಹೆಂಡತಿ.

‘ನಮ್ಮ ಪೈಕಿ? ಅವ ನಿಮ್ಮ ಕಾಕಾನ ಮಗ ಅಲ್ಲೇನು?’

‘ನಮ್ಮ ಕಾಕಾಗ ಮಕ್ಕಳೇ ಇಲ್ಲ. ಮದಿವ್ಯಾಗಿ ಮೂರ ವರ್ಷ ಆಯ್ತು, ಇನ್ನಾ ನಮ್ಮ ಮಂದಿ ಗುರ್ತು ಸಿಗವಲ್ದು ನಿಮಗ.’

‘ಮತ್ತ ಕೂಸಿನ ಕೊಟ್ಟಿ ಹೆಂಗ ಅವನ ಕೈಯಾಗ?’

‘ನೀವ ಕೊಟ್ರಿ!’

ಚಿತ್ತಾಪುರ ಬರುವ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಕಿಟಕಿಯಲ್ಲಿ ಕೂತಿದ್ದರು. ನಾನು ವಾಸ್ತವಾಂಶ ತಿಳಿಸಬಹುದಿತ್ತು. ಸಂಸಾರದ ಜಗಳದಲ್ಲಿ ವರದಿಗಾರ ಬಾಯಿ ಹಾಕಬಾರದೆಂದು ಇಳಿದುಬಿಟ್ಟೆ.

ಇಷ್ಟಕ್ಕೆ ನಿಲ್ಲಲಿಲ್ಲ. ‘ಕಾಗದ ಹಾಕ್ರಿ’ ಎಂದವನು ನಮ್ಮ ಕ್ವಾರ್ಟರ್ಸಿನ ನಂಬರನ್ನೂ ಕೊಟ್ಟಿದ್ದನಲ್ಲ, ಜನ ಕಾಗದ ಹಾಕತೊಡಗಿದರು. ತಾಂಡೂರಿನಿಂದ, ಸೊಲ್ಲಾಪುರದಿಂದ, ಗುಂತಕಲ್ಲಿನಿಂದ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್; ಬಿಚ್ಚಿದ್ದನ್ನು ಜೋಡಿಸದೆ ಬಿಡುವ ಮನುಷ್ಯನಲ್ಲ. ಒಂದು ರವಿವಾರ ಕಾರ್ಡುಗಳನ್ನು ಚಾಪೆಯ ಮೇಲೆ ಹರವಿಕೊಂಡು ಕೂತ.

‘“ನಾವೆಲ್ಲರೂ ಕ್ಷೇಮವಾಗಿ ಮುಟ್ಟಿದೆವು. ನಮ್ಮ ಎಮ್ಮೆ ಇಂದೋ ನಾಳೆಯೋ ಈಯುತ್ತದೆ.” ಗುಂತಕಲ್ಲಿನ್ಯಾಗ ನಮಗ ಯಾರದಾರ?’

‘ನಿಮ್ಮ ಅಜ್ಜಿ ಕಡಿ ಯಾರರ ಇರಬೇಕು,’ ಎಂದಳು ಅವ್ವ.

ಅಪ್ಪ ತನ್ನ ಅಜ್ಜಿಯ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ಬಿಚ್ಚಿ ನೋಡಿದ. ಗುಂತಕಲ್ಲು ಸಿಗಲಿಲ್ಲ. ಮಾವ ನಿಜ ಹೇಳಿದಾಗ ಅಪ್ಪ ಬೈಯುತ್ತಾನೆಂದು ಕಾದೆವು. ಅಪ್ಪ ಕಾರ್ಡುಗಳನ್ನು ಜೋಡಿಸಿ ದಾರ ಕಟ್ಟಿದ. ಎಂಟು ದಿನ ಬಿಟ್ಟು, ಊಟ ಮಾಡುತ್ತ, ಯಾರ ಮುಖವನ್ನೂ ನೋಡದೆ ಕೇಳಿದ: ‘ಆ ಎಮ್ಮಿ ಈತಂತೇನು?’

ಅಪ್ಪನೂ ಈ ರಿವಾಜಿನಿಂದ ತಪ್ಪಿಸಿಕೊಂಡಿರಲಿಲ್ಲ. ಮೊದಲ ಪಾಳಿಗೆ ಅವನು ಬೆಳಗಿನ ಜಾವ ಹೊರಡುವಾಗ ಮಾವ ಹಾಸಿಗೆಯಿಂದ ಎದ್ದು, ಕಣ್ಣುಜ್ಜುತ್ತ ಬಂದು, ಓಣಿಯ ತಿರುವಿನ ತನಕ ಕಳಿಸುತ್ತಿದ್ದ. ಇಡೀ ಸಾಲಿನ ಫಿಟ್ಟರುಗಳು ನಗುತ್ತಿದ್ದರು.

‘ನಾ ಏನ್ ಕಾಶಿಗಿ ಹೊಂಟೀನೇನೋ? ಮಧ್ಯಾಹ್ನ ಊಟಕ್ಕ ಬರಾಂವ,’ ಎಂದು ಅಪ್ಪ ಗದರುತ್ತಿದ್ದ.

ಕೆಲವು ದಿನ ಅಪ್ಪ ಬೆಕ್ಕಿನಂತೆ ಹೆಜ್ಜೆಯಿಟ್ಟು ತಪ್ಪಿಸಿಕೊಂಡು ನೋಡಿದ. ಮರುದಿನ ಬಾಗಿಲ ಹಿಂದೆ ಮಾವನ ದುಂಡು ಅಕ್ಷರದಲ್ಲಿ ಒಂದು ಕಾಗದ ಅಂಟಿತ್ತು: ‘ಯಾರೇ ಊರಿಗೆ ಹೊರಟರೂ, ಕೆಲಸಕ್ಕೆ ಹೊರಟರೂ ನನ್ನನ್ನು ಎಬ್ಬಿಸಿ ಹೋಗತಕ್ಕದ್ದು.’ ಅಪ್ಪ ನಕ್ಕ, ನಾನು ನಕ್ಕೆ. ಅವ್ವ ಮಾತ್ರ ಅದನ್ನು ಓದಿ ಒಳಗೆ ಹೋಗಿ ಹಿಟ್ಟು ಕಲಸತೊಡಗಿದಳು. ಅವ್ವನ ಸ್ವಭಾವವೂ ನನಗೆ ಒಂದು ಗೊಂದಲವೇ ಆಗಿತ್ತು. ಸ್ಟೇಷನ್ನು ಮನೆಯಿಂದ ಕೂಗಳತೆಯಲ್ಲಿದ್ದರೂ ಅವಳು ಯಾರನ್ನೂ ಕಳಿಸಲು ಬರುತ್ತಿರಲಿಲ್ಲ. ‘ನೀವ ಕಳಸ್ರಿ, ನನಗ ಬ್ಯಾಡ’ ಎಂದು ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು.

ಈಗ ಪರೀಕ್ಷೆಯ ವಿಷಯ. ಹಿಂದಿನ ವರ್ಷ ಕೊನೆಯ ಪೇಪರಿನ ದಿನ ಮಾವ ಶಹಾಬಾದದಲ್ಲಿ ಯಾರೋ ಇಳಿದವರು ಮರೆತುಹೋದ ನೀರಿನ ಚರಿಗೆ ಕೊಡಲು ತಾನೂ ಇಳಿದಿದ್ದ. ಚರಿಗೆ ಮುಟ್ಟಿತು, ರೈಲು ಹೋಯಿತು, ಪೇಪರೂ ಹೋಯಿತು. ಈ ವರ್ಷ ಐನಾಪುರದಿಂದ ಅಜ್ಜನ ಕಾಗದ ಬಂತು. ಸೇಡಮಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಮಾತಾಗಿದೆ. ಪಾಸಾದರೆ ಅಲ್ಲಿಗೆ ಹೋಗು. ಉಳಿದ ಆ ಒಂದು ಪೇಪರು ಈ ಸಲವೂ ತಪ್ಪಿದರೆ ಪುಸ್ತಕ ಕಟ್ಟಿಟ್ಟು ಊರಿಗೆ ಬಂದು ಅಂಗಡಿಯ ತಕ್ಕಡಿ ಹಿಡಿ. ಮೂರನೆಯ ಮಾತಿಲ್ಲ. ಮಾವ ಆ ಕಾಗದ ಓದಿದ ಮೇಲೆ ಹದಿನೈದು ದಿನ ಸ್ಟೇಷನ್ನಿನ ಕಡೆ ತಲೆ ಹಾಕಲಿಲ್ಲ. ಪ್ಲಾಟ್‌ಫಾರ್ಮಿನ ಚಹಾದವನು ಮನೆಗೇ ಬಂದು, ‘ಆರಾಮ ಅದಾನಲ್ರಿ?’ ಎಂದು ಕೇಳಿಹೋದ.

ಪರೀಕ್ಷೆಯ ದಿನ ಬೆಳಿಗ್ಗೆ ಅವ್ವ ಅಂಗೈಗೆ ಮೊಸರು ಹಾಕಿದಳು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟಳು. ದಾರಿಯಲ್ಲಿ ಚರಿಗೆ, ಕೊಡ, ಏನು ಕಂಡರೂ ಇಳಿಯಬಾರದೆಂದು ಮಾವನಿಗೆ ಅಪ್ಪಣೆಯಾಯಿತು. ಅವನನ್ನು ಗಾಡಿ ಹತ್ತಿಸಿ ಬರುವುದು ನನ್ನ ಜವಾಬ್ದಾರಿ. ಲಕೋಟೆಯೂ ಕೈಯಲ್ಲಿತ್ತು.

ಪ್ಯಾಸೆಂಜರ್ ಬಂದು ನಿಂತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಚಿಂಚೋಳಿ ಕಡೆಯ ಒಬ್ಬ ಮುದುಕಿ, ತಗಡಿನ ಟ್ರಂಕು, ಒಂದು ಕೌದಿಯ ಗಂಟು. ಬಾಣಂತನಕ್ಕೆಂದು ಸೊಲ್ಲಾಪುರದ ಮಗಳ ಮನೆಗೆ ಒಬ್ಬಳೇ ಹೊರಟಿದ್ದಳು. ಕಿಟಕಿಯ ಹೊರಗೆ ಯಾರೂ ಇರಲಿಲ್ಲ.

ಮಾವ ಟ್ರಂಕು ಏರಿಸಿದ. ಮುದುಕಿಯನ್ನು ಏರಿಸಿದ. ಕೂರಿಸಿದ. ಗಂಟನ್ನು ತಲೆಯ ಹತ್ತಿರ ಇಟ್ಟ. ಆಮೇಲೆ ಇಳಿದು ಕಿಟಕಿಗೆ ಬಂದ.

‘ಮೊಮ್ಮಗ ಆದ್ರ ಕಾಗದ ಹಾಕಸ್ರಿ ಆಯಿ.’

‘ಮೊಮ್ಮಗಳಾದ್ರ?’

‘ಎರಡ ಕಾಗದ ಹಾಕಸ್ರಿ.’

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಗಾಡಿ ಅಲುಗಿತು. ಮಾವ ಕೈ ಬೀಸಿದ. ಕೊನೆಯ ಡಬ್ಬಿ ದಾಟಿ ಬಾವುಟ ಚುಕ್ಕೆಯಾಗುವ ತನಕ ಬೀಸಿದ. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ದಾಖಲಿಸಬೇಕು. ಅವನ ಪಕ್ಕದಲ್ಲಿ ನಿಂತು ನಾನೂ ಬೀಸಿದೆ. ಗಾರ್ಡಿಗೆ ಲಕೋಟೆ ಕೊಟ್ಟಾಗಿತ್ತು, ಕೆಲಸ ಮುಗಿದ ಸಮಾಧಾನವಿತ್ತು. ಇಬ್ಬರೂ ಒಂದೊಂದು ಕಪ್ ಚಹಾ ಕುಡಿದು ಮನೆಗೆ ನಡೆದೆವು.

ಅಂಗಳ ಗುಡಿಸುತ್ತಿದ್ದ ಅವ್ವ ತಲೆಯೆತ್ತಿದಳು. ಮಾವನ ಬಗಲಲ್ಲಿ ರೊಟ್ಟಿಯ ಗಂಟು ಹಾಗೇ ಇತ್ತು.

‘ಪರೀಕ್ಷಾ ಜಲ್ದಿ ಮುಗೀತೇನೋ?’

ಮಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

‘ನಾ ಹೋಗಬೇಕಿದ್ದ ಗಾಡಿ ಯಾವುದು?’ ಎಂದು ಕೇಳಿದ.

‘ಈಗ ನಾವು ಕಳಿಸಿದ್ದು,’ ಎಂದೆ.

ಅವನು ಕಟ್ಟೆಯ ಮೇಲೆ ಕುಸಿದ. ಸೇಡಂ, ಅಂಗಡಿ, ತಕ್ಕಡಿ ಎಲ್ಲವೂ ಅಂಗಳದಲ್ಲಿ ಬಂದು ನಿಂತಂತಾಯಿತು. ಆಗ ವೇಳಾಪಟ್ಟಿಯ ಆ ಕೆಂಪು, ನೀಲಿ ಗೆರೆಗಳು ಕೆಲಸಕ್ಕೆ ಬಂದವು. ಮಾವ ಥಟ್ಟನೆ ಎದ್ದ.

‘ಕಲಬುರಗಿಗಿ ಹೋಗೋ ಮದ್ರಾಸಿನ ಮೇಲ್ ಇನ್ನಾ ಬಂದಿಲ್ಲ. ನಸುಕಿನ್ಯಾಗ ಹೋಗಬೇಕಿತ್ತು, ಸಿಳ್ಳು ಕೇಳಿಲ್ಲ ನಾ. ತಡ ಅದ ಅದು.’

ಓಡಿದ. ನಾನು ಓಡಿದೆ. ಹಿಂದೆ ಬಳೆಯ ಸದ್ದು ಕೇಳಿ ತಿರುಗಿದರೆ ಅವ್ವನೂ ಓಡಿ ಬರುತ್ತಿದ್ದಳು. ಕೈಯಲ್ಲಿ ಕಸಬರಿಗೆ. ಊರಿಗೆ ಹೊರಟವರ ಎದುರು ಕಸಬರಿಗೆ ಕಾಣಬಾರದೆಂದು ನಮಗೆಲ್ಲ ಹೇಳಿಕೊಟ್ಟವಳು ಅವಳೇ.

ಟಿಕೀಟು ಕಲೆಕ್ಟರ್ ನಮ್ಮನ್ನು ನೋಡಿ ನಕ್ಕರು. ‘ಮೇಲ್ ಸಿಗ್ನಲ್ಲಿಗಿ ಬಂದದ. ಇವತ್ತ ಯಾರನ್ನ ಕಳಸಾಕ ಬಂದ್ರಿ?’

‘ನನ್ನ,’ ಎಂದ ಮಾವ.

ಉಸಿರು ತಿರುಗಿದ ಮೇಲೆ ಅವನು ಅಕ್ಕನ ಕಡೆ ನೋಡಿದ. ‘ನೀ ಯಾಕ ಬಂದಿ ಅಕ್ಕಾ? ನೀ ಸ್ಟೇಷನ್ನಿಗಿ ಬರಾಕಿ ಅಲ್ಲ.’

ಅವ್ವ ಹಳಿಗಳ ಕಡೆ ನೋಡುತ್ತ ಮಾತಾಡಿದಳು. ಅವರ ತಾಯಿ ಬೇಗ ತೀರಿಹೋದದ್ದು, ಅವ್ವನೇ ಇವನನ್ನು ಸಾಕಿದ್ದು ನನಗೆ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

‘ನನ್ನ ಗಂಡನ ಮನಿಗಿ ಕಳಸಿದ ದಿವಸ ನೀ ಮಲಗಿದ್ದಿ. ನಾಕ ವರ್ಷದಾಂವ. ಎಬ್ಬಿಸಿದ್ರ ಅಳ್ತಾನ ಅಂದ್ರು. ನಾನೂ ಎಬ್ಬಿಸಲಿಲ್ಲ.’

‘ಗೊತ್ತದ,’ ಎಂದ ಮಾವ. ‘ಎದ್ದ ಮ್ಯಾಲ ಅಗಸಿ ತನಕ ಓಡಿ ಬಂದಿದ್ನಿ. ಗಾಡಿ ಕಾಣಲಿಲ್ಲ.’

ಮೇಲ್ ಬಂತು. ಜಾಗವಿದ್ದದ್ದು ಕೊನೆಯ ಡಬ್ಬಿಯಲ್ಲಿ. ನಾನು ಅವನನ್ನು ಹೆಚ್ಚುಕಡಿಮೆ ನೂಕಿಯೇ ಹತ್ತಿಸಿದೆ. ಚಹಾದವನು, ಟಿಕೀಟು ಕಲೆಕ್ಟರ್, ಇಬ್ಬರು ಹಮಾಲರು ಬಂದು ಕಿಟಕಿಯ ಹೊರಗೆ ಸಾಲಾಗಿ ನಿಂತರು. ‘ನೀರು ತುಂಬಿಕೊಂಡ್ರೇನ್ರಿ?’ ಎಂದ ಒಬ್ಬ ಹಮಾಲ. ‘ಮುಟ್ಟಿದ ಮ್ಯಾಲ ಕಾಗದ ಹಾಕ್ರಿ,’ ಎಂದ ಚಹಾದವನು. ಎಷ್ಟೋ ಜನರನ್ನು ಕಳಿಸಿದ ಮಾವ ಈಗ ಕಿಟಕಿಯ ಒಳಗೆ ಕೂತಿದ್ದ. ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಿದ್ದ.

ಅವನು ಪರೀಕ್ಷೆಯ ಕೋಣೆಯನ್ನು ಹತ್ತು ನಿಮಿಷ ತಡವಾಗಿ ಸೇರಿದ, ಪಾಸಾದ, ಸೇಡಮಿನಲ್ಲಿ ಪಾಠ ಹೇಳಿದ. ಯಾವ ವಿಷಯ ಎಂದು ದಯವಿಟ್ಟು ಕೇಳಬೇಡಿ.

ನನಗೆ ನೆನಪಿರುವುದು ಗಾಡಿ ಹೊರಟ ಆ ಹೊತ್ತು. ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟಿತು. ಹಸಿರು ಬಾವುಟ ಚುಕ್ಕೆಯಾಯಿತು. ಆಮೇಲೆ ಚುಕ್ಕೆಯೂ ಇಲ್ಲ, ಬರೀ ಹೊಗೆ. ಚಹಾದವನು ಒಲೆಯ ಹತ್ತಿರ ಮರಳಿದ. ಹಮಾಲರು ಹೋದರು. ಅವ್ವ ಮಾತ್ರ ಕೈ ಬೀಸುತ್ತಲೇ ಇದ್ದಳು. ಬೀಸುತ್ತಿದ್ದ ಕೈಯಲ್ಲಿ ಕಸಬರಿಗೆ ಇತ್ತು.

‘ನಡಿಯವ್ವ, ಗಾಡಿ ಹೋತು,’ ಎಂದೆ.

‘ನಿಂದ್ರೋ,’ ಎಂದಳು. ‘ಅವ ಇನ್ನಾ ನೋಡಾಕತ್ತಿರ್ತಾನ.’