ಮೌಶಿಯ ಮನೆಯ ಹೊರಗಿನ ಗಂಟೆ

ನಮ್ಮ ಮೌಶಿಯ, ಅಂದರೆ ಅವ್ವನ ತಂಗಿಯ, ಮನೆಯಷ್ಟು ಬಿಗಿ ಬಂದೋಬಸ್ತಿನ ಮನೆ ಇಡೀ ಪುಣೆಯಲ್ಲಿ ಇನ್ನೊಂದಿಲ್ಲ! ಬಾಗಿಲ ಚಿಲಕ ಸರಿಯಾಗಿ ಬೀಳುವುದಿಲ್ಲ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಇಂಟರ್ನೆಟ್ಟಿನ ಬಾಗಿಲು. ಸದಾಶಿವ ಪೇಠದಲ್ಲಿ ಎರಡು ಕೋಣೆ, ಇರುವವಳು ಒಬ್ಬಳೇ, ಕದಿಯಲು ಸಿಗುವುದು ಒಂದು ಡಬ್ಬಿ ಶೇಂಗಾಚಟ್ನಿ. ಅದಕ್ಕೊಂದು ಸರ್ವರ್, ಅದರ ಮುಂದೆ ಕಾವಲಿಗೊಂದು ಫೈರ್‌ವಾಲ್!

ಮೌಶಿ ಮೂವತ್ತು ವರ್ಷ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಈಗಲೂ ಫೋನ್ ಎತ್ತಿದರೆ "ನಮಸ್ಕಾರ್ರೀ, ಯಾರು ಬೇಕಾಗಿತ್ತು?" ಎನ್ನುತ್ತಾಳೆ. ನನ್ನ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿ ಅವಳಿಗೆ ಕೊಟ್ಟು, ಮನೆಯ ಯಂತ್ರಗಳಿಗೆಲ್ಲ ಹೊರಗೆ ಒಂದೇ ವಿಳಾಸ ಕೊಡುವ ನ್ಯಾಟ್ ಎಂದರೇನು ಎಂದು ವಿವರಿಸಲು ಕೂತೆ. ನಾನು ಮಗರಪಟ್ಟಾದ ಐಟಿ ಪಂಡಿತನಲ್ಲವೇ? ಎರಡನೇ ನಿಮಿಷಕ್ಕೆ ಕೈ ಅಡ್ಡ ಹಿಡಿದಳು.

"ಇಷ್ಟ ಹೌದಲ್ಲೋ? ಹೊರಗಿನವರಿಗೆ ಒಂದ ನಂಬರ, ಒಳಗ ಹತ್ತು ಮಂದಿ. ಒಳಗಿನವರು ಕೇಳಿದ್ದಕ್ಕ ಉತ್ತರ ಬಂದ್ರ ಅವರಿಗೇ ಮುಟ್ಟಿಸಬೇಕು. ಕರೀಲಾರದ ಬಂದವರನ್ನ ಬಾಗಲದಾಗ ನಿಲ್ಲಿಸಬೇಕು. ಇದನ್ನ ಮೂವತ್ತು ವರ್ಷ ಕೈಲೆ ಮಾಡೇನಿ, ತಮ್ಮಾ!"

ಮರುವಾರ ಗೋಡೆಯ ಮೇಲೆ ಒಳನಂಬರುಗಳ ಪಟ್ಟಿ ಅಂಟಿತ್ತು. ಟೀವಿಗೆ 'ಸಾಹೇಬರು', ಮೊಬೈಲಿಗೆ 'ಸ್ಟೋರ್ಸ್', ತನಗೆ 'ಆಪರೇಟರ್'!

ಆಮೇಲೆ ಹತ್ತಿತು ಗಂಟೆಯ ಹುಚ್ಚು. ಸರ್ವರಿನಲ್ಲೊಂದು ಪುಟ, ಪುಟದಲ್ಲೊಂದು ಗುಂಡಿ. ಹೊರಗಿನಿಂದ ಯಾರಾದರೂ ಒತ್ತಿದರೆ ಅವಳ ಮನೆಯಲ್ಲಿ ಗಂಟೆ ಹೊಡೆಯಬೇಕು. ಫೈರ್‌ವಾಲಿನಲ್ಲಿ ಒಂದು ನಿಯಮ ಬರೆದು ಅದೊಂದಕ್ಕೆ ದಾರಿ ಬಿಟ್ಟೆ. ಪುಟದ ವಿಳಾಸ ನೆಂಟರಿಗೆಲ್ಲ ಹೋಯಿತು.

"ಫೋನ್ ಮಾಡಿದ್ರ ಸಾಲೂದಿಲ್ಲೇನು, ಮೌಶಿ?"

"ಫೋನ್ ಮಾಡ್ಲಿಕ್ಕೆ ಏನರ ಕೆಲಸ ಇರಬೇಕು. ಗಂಟಿ ಬಾರಸ್ಲಿಕ್ಕೆ ನೆನಪಾದ್ರ ಸಾಕು."

ನಾನು ನಕ್ಕುಬಿಟ್ಟೆ. ಒಂದೇ ಊರಿನಲ್ಲಿದ್ದೂ ನಾನು ಅವಳ ಮನೆಗೆ ಹೋಗುತ್ತಿದ್ದದ್ದು ಹಬ್ಬಕ್ಕೆ ಮಾತ್ರ.

ಭಾನುವಾರ ಫೋನು ಬಂತು: "ಗಂಟಿ ಕೆಟ್ಟದ. ಬಾ." ಮನೆಯೊಳಗೇ ಕೂತು ಒತ್ತಿದ್ದಳಂತೆ! ಮನೆಯ ಇಂಟರ್ನೆಟ್ಟು ದಾಟಿ ಹೊರಗೆ ಹೋಗಿ ಒತ್ತಿದರೆ ಮಾತ್ರ ಹೊಡೆಯುತ್ತದೆ ಎಂದೆ. ರಿಕ್ಷಾ ಸ್ಟ್ಯಾಂಡಿನವರೆಗೆ ಹೋಗಿ ಒತ್ತಿದಳು. ಆದರೆ ಗಂಟೆ ಹೊಡೆಯಿತೋ ಇಲ್ಲವೋ, ಕೇಳಲು ಮನೆಯಲ್ಲಿ ಯಾರಿದ್ದಾರೆ? ಮನೆಯಲ್ಲಿ ಕೂತು ಕೇಳೋಣವೆಂದರೆ ಹೊರಗೆ ಒತ್ತುವವರು ಯಾರು? ಕೊನೆಗೆ ನಾನೇ ಹೋದೆ. ಬೀದಿಯಲ್ಲಿ ನಿಂತು ಒತ್ತಿದೆ. "ಬಂತೋ!" ಎಂದು ಕಿಟಕಿಯಿಂದ ಅವಳು ಕೂಗಿದ ರಭಸಕ್ಕೆ ಒಬ್ಬ ರಿಕ್ಷಾದವನು ಗಾಡಿ ನಿಲ್ಲಿಸಿ "ಕಾಯ್ ಝಾಲಂ, ಆಜೀ?" ಎಂದ, ಅಜ್ಜಿಗೆ ಏನಾಯಿತೋ ಎಂಬ ಗಾಬರಿಯಲ್ಲಿ. ಆಮೇಲೆ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಹರಟೆ. ಸಂಜೆ ಆರಕ್ಕೆ ನನಗೆ ಬಿಡುಗಡೆ.

ಮುಂದಿನ ಭಾನುವಾರ ಮತ್ತೆ "ಗಂಟಿ ಕೆಟ್ಟದ". ಹೋಗಿ ನೋಡಿದರೆ ನಾನು ಬರೆದ ನಿಯಮವೇ ಮಾಯ! ಮತ್ತೆ ಬರೆದೆ. ಅದರ ಮುಂದಿನ ವಾರವೂ ಅದೇ ಕಥೆ. ನಾಲ್ಕನೇ ಭಾನುವಾರ ನನಗೆ ರೇಗಿತು. ನನ್ನ ವಿದ್ಯೆಯ ಮರ್ಯಾದೆಯ ಪ್ರಶ್ನೆ! ಅವಳು ರೊಟ್ಟಿ ಬಡಿಯುತ್ತಿದ್ದಾಗ ಫೈರ್‌ವಾಲಿನ ದಾಖಲೆ ತೆರೆದೆ.

ಪ್ರತಿ ಶನಿವಾರ ಸಂಜೆ ಆ ನಿಯಮವನ್ನು ಅಳಿಸುತ್ತಿದ್ದದ್ದು ಬೇರೆ ಯಾರೂ ಅಲ್ಲ, ಆಪರೇಟರ್! ಗಂಟೆ ಒತ್ತಿದವರ ಪಟ್ಟಿಯೂ ಅಲ್ಲೇ ಇತ್ತು. ಅದರಲ್ಲಿ ಅವಳ ಫೋನು ಇತ್ತು, ನನ್ನ ಫೋನು ಇತ್ತು. ಮೂರನೆಯದಿರಲಿಲ್ಲ.

ನನಗೆ ನಾಚಿಕೆಯಾಯಿತು. ಸದ್ದಿಲ್ಲದೆ ಆ ನಿಯಮವನ್ನು ಮತ್ತೆ ಬರೆದಿಟ್ಟೆ.

"ಏನರ ಸಿಕ್ತೇನೋ?" ಒಳಗಿನಿಂದ ಕೇಳಿದಳು.

"ಇಲ್ಲ ಮೌಶಿ, ದೋಷ ಭಾಳ ದೊಡ್ಡದದ. ಪ್ರತಿ ರವಿವಾರ ಬಂದು ನೋಡಬೇಕಾಗ್ತದ."

ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಬಿತ್ತು.

ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುವ ಮೊದಲು, ಯಾವ ಕೆಲಸವೂ ಇಲ್ಲದೆ, ಆ ಗುಂಡಿ ಒತ್ತಿದೆ. ನಿಮಿಷದೊಳಗೆ ಅವಳ ಫೋನು ಬಂತು.

"ನಮಸ್ಕಾರ್ರೀ, ಯಾರು ಬೇಕಾಗಿತ್ತು?"

"ನೀನ ಬೇಕಾಗಿದ್ದಿ, ಮೌಶಿ."

ಮೂವತ್ತು ವರ್ಷ ಆ ಪ್ರಶ್ನೆ ಕೇಳಿದವಳಿಗೆ ಯಾರೂ ಆ ಉತ್ತರ ಕೊಟ್ಟಿರಲಿಲ್ಲವೇನೋ.

"ಲೈನ್ ಮ್ಯಾಲೇ ಇರು, ತಮ್ಮಾ," ಎಂದಳು. "ಇಡಬ್ಯಾಡ."